ಎತ್ತಿ ಹೊಡೆಯುವ ತಂಡಕ್ಕೆ ಪಾಸ್ ಆಟದ ಕೋಚ್: ನಮ್ಮ ಟರ್ಫ್ ಕ್ಲಾಸ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಈ ಫುಟ್‌ಬಾಲ್ ಕ್ಲಾಸಿಗೆ ಒಬ್ಬರೇ ಸೇರುವ ಯೋಚನೆ ಇದ್ದರೆ ಬೇಡ. ನಿಮ್ಮ ತಂಡದ ಏಳೆಂಟು ಜನರನ್ನು ಎಳೆದುಕೊಂಡು ಹೋಗುವುದಾದರೆ ಕಣ್ಣು ಮುಚ್ಚಿ ಸೇರಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ಬೆಳಗಾವಿಯ ಟಿಳಕವಾಡಿಯ ಮೂರನೇ ಗೇಟ್ ದಾಟಿದ ಮೇಲೆ ಖಾನಾಪುರ ರೋಡಿನ ಕಡೆ ಇರುವ ಒಂದು ಟರ್ಫ್ (ಕೃತಕ ಹುಲ್ಲಿನ ಅಂಗಳ) ಇದು. ಹೆಸರು ಬೇಡ, ಕೆಳಗೆ ದೂರೂ ಬರೆದಿದ್ದೇನೆ. ದೊಡ್ಡವರ ಬ್ಯಾಚ್ ವಾರಕ್ಕೆ ಮೂರು ಸಂಜೆ, ಏಳೂವರೆಯಿಂದ ಒಂಬತ್ತರವರೆಗೆ. ತಲೆಗೆ ತಿಂಗಳಿಗೆ 1,500 ರೂಪಾಯಿ. ಬಾಲ್, ಬಿಬ್ (ಅಂಗಿ ಮೇಲೆ ಹಾಕುವ ಬಣ್ಣದ ತೆಳು ಬನಿಯನ್), ಕೋನ್ ಅವರದು. ಬೂಟು ನಮ್ಮದು. ನಾನು ಉದ್ಯಮಬಾಗ್‌ನ ಫೌಂಡ್ರಿಯೊಂದರಲ್ಲಿ ಕಾಸ್ಟಿಂಗ್ ಚೆಕ್ ಮಾಡುವ ಕೆಲಸದವನು. ಭಾನುವಾರ ರೈಟ್ ಬ್ಯಾಕ್, ಅಂದರೆ ಬಲಗಡೆಯ ಡಿಫೆಂಡರ್. ನಮ್ಮ ತಂಡದಲ್ಲಿ ಗ್ಯಾರೇಜಿನವರು, ಸರ್ಕಾರಿ ಆಫೀಸಿನವರು, ಎಂಜಿನಿಯರಿಂಗ್ ಹುಡುಗರು ಎಲ್ಲ ಇದ್ದಾರೆ. ಅರ್ಧ ಜನ ಸೇಂಟ್ ಪಾಲ್ಸ್ ಮೈದಾನದಲ್ಲಿ ಫಾದರ್ ಎಡ್ಡಿ ಟೂರ್ನಮೆಂಟ್ ನೋಡಿ ಬೆಳೆದವರು. ಹಾಗಾಗಿ ಎಲ್ಲರಿಗೂ ಫುಟ್‌ಬಾಲ್ ಬರುತ್ತದೆ, ಎಲ್ಲರಿಗೂ ಅಭಿಪ್ರಾಯವೂ ಇದೆ.

ಮೊದಲು ನಮಗೆ ಕಲಿಸುತ್ತಿದ್ದ ಕಾಕಾ ಹಳೇ ಕಾಲದ ಆಟಗಾರ. ನಾಲ್ಕು ರೌಂಡ್ ಓಡಿಸಿ, ಮೈ ಸಡಿಲ ಮಾಡಿಸಿ, ನೇರ ಮ್ಯಾಚ್ ಆಡಿಸಿಬಿಡುತ್ತಿದ್ದರು. ತಂತ್ರ ಒಂದೇ: "ಮ್ಯಾಲೆ ಹಾಕ್ರೋ!" ನಮ್ಮ ಸ್ಟ್ರೈಕರ್ ಆರಡಿ ಆಳು. ಅವನ ತಲೆಗೆ ಬಾಲ್ ಹೋಗಬೇಕು, ಅವನು ಬೀಳಿಸಿದ್ದನ್ನು ಉಳಿದವರು ಹೆಕ್ಕಬೇಕು. ಇದನ್ನು ದಡ್ಡತನ ಅನ್ನಬೇಡಿ. ಮಳೆಗಾಲದಲ್ಲಿ ಲೇಲೆ ಮೈದಾನದಲ್ಲಿ ನೆಲದ ಮೇಲೆ ಪಾಸ್ ಕೊಟ್ಟು ನೋಡಿ. ಬಾಲ್ ಅರ್ಧ ದಾರಿಯಲ್ಲಿ ನೀರಿನ ಗುಂಡಿಯಲ್ಲಿ ಕೂತುಬಿಡುತ್ತದೆ. ಗಾಳಿಯಲ್ಲಿ ಹೋಗುವ ಬಾಲ್‌ಗೆ ಆ ಚಿಂತೆ ಇಲ್ಲ. ಕಾಕಾ ಮೊಣಕಾಲು ನೋವು ಅಂತ ಬಿಟ್ಟ ಮೇಲೆ ಟರ್ಫ್‌ನವರು ಹೊಸಬರನ್ನು ಕರೆತಂದರು. ಗೋವಾದ ಕ್ಲಬ್‌ಗಳಲ್ಲಿ ಆಡಿದವರು, ಕೋಚಿಂಗ್ ಲೈಸೆನ್ಸ್ ಇರುವವರು. ಅವರ ಕನ್ನಡದಲ್ಲಿ ಅರ್ಧ ಕೊಂಕಣಿ. ಸಿಟ್ಟು ಬಂದರೆ ಪೂರ್ತಿ ಕೊಂಕಣಿ.

ಬಂದ ಮೊದಲ ವಾರ ಗೋಲ್ ಪೋಸ್ಟನ್ನೇ ಮೂಲೆಗೆ ತಳ್ಳಿಸಿದರು. ಸುತ್ತ ಐದು ಜನ, ನಡುವೆ ಇಬ್ಬರು. ಹೊರಗಿನವರು ಪಾಸ್ ಕೊಡಬೇಕು, ಒಳಗಿನವರು ಕಸಿದುಕೊಳ್ಳಬೇಕು. ಇದನ್ನು ರೊಂಡೊ ಅನ್ನುತ್ತಾರೆ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನವರು ದಿನಾ ಮಾಡುವುದನ್ನು ಎಲ್ಲರೂ ಮೊಬೈಲಲ್ಲಿ ನೋಡಿರುತ್ತೀರಿ. ಹೊಟ್ಟೆ ಬಂದ ಮೇಲೆ ಮಾಡಿ ನೋಡಿದರೆ ಬೇರೆಯೇ ಕಥೆ.

ನನಗೆ ಜಾಸ್ತಿ ಹಿಡಿಸಿದ್ದು ಆಮೇಲೆ ಬಂದ ಬಿಬ್ ಡ್ರಿಲ್. ನೀವು ಬಾಲ್‌ಗಾಗಿ ಕಾಯುತ್ತ ನಿಂತಿರುತ್ತೀರಿ. ಕೋಚ್ ನಿಮ್ಮ ಬೆನ್ನ ಹಿಂದೆ. ಒಂದು ಕೈಯಲ್ಲಿ ಹಳದಿ ಬಿಬ್, ಇನ್ನೊಂದರಲ್ಲಿ ಕಿತ್ತಳೆ. ಬಾಲ್ ನಿಮ್ಮ ಕಾಲಿಗೆ ಬರುವಷ್ಟರಲ್ಲಿ ಒಂದನ್ನು ಎತ್ತುತ್ತಾರೆ. ನೀವು ಹೆಗಲ ಮೇಲಿಂದ ಹಿಂದೆ ನೋಡಿ ಬಣ್ಣ ಕೂಗಬೇಕು, ಆಮೇಲೆ ಬಾಲ್ ಮುಟ್ಟಬೇಕು, ಆ ಬಣ್ಣದ ಕೋನ್ ಕಡೆಗೇ ತಿರುಗಬೇಕು. ಮೊದಲ ದಿನ ಯಾರೂ ಸರಿಯಾಗಿ ಹೇಳಲಿಲ್ಲ. ಗ್ಯಾರೇಜಿನ ನಮ್ಮ ಗೋಲಿ (ಗೋಲ್‌ಕೀಪರ್) ಪ್ರತಿ ಸಲ ಹಳದಿ ಹಳದಿ ಅಂತ ಕೂಗಿ ಅದೃಷ್ಟ ಪರೀಕ್ಷೆ ಮಾಡುತ್ತಿದ್ದ. ಕೋಚ್ ಎರಡೂ ಬಿಬ್ ಕೆಳಗಿಟ್ಟು ಬರಿಗೈ ತೋರಿಸಿದರು. "ಹಳದಿ!" ಅಂದ. ಇಡೀ ಬ್ಯಾಚ್ ಬಿದ್ದು ಬಿದ್ದು ನಕ್ಕಿತು. ಆದರೆ ಕೆಲವು ವಾರ ಕಳೆದ ಮೇಲೆ ನೋಡಿದರೆ, ಮ್ಯಾಚಿನಲ್ಲಿ ಯಾರೂ ಹೇಳದಿದ್ದರೂ ಕತ್ತು ತಾನಾಗಿ ತಿರುಗುತ್ತಿತ್ತು. ಬಾಲ್ ಬಂದಮೇಲೆ ಯೋಚಿಸುವವರು ಬರುವ ಮೊದಲೇ ಯೋಚಿಸಲು ಶುರು ಮಾಡಿದೆವು. 1,500 ರೂಪಾಯಿ ನನ್ನ ಮಟ್ಟಿಗೆ ಅಲ್ಲಿಗೇ ವಸೂಲಾಯಿತು.

ಇನ್ನು ಪ್ರೆಸ್ಸಿಂಗ್. ಬಾಲ್ ಕಳೆದುಕೊಂಡರೆ ಐದು ಸೆಕೆಂಡ್ ಎಲ್ಲರೂ ಬಾಲ್ ಮೇಲೆ ಬೀಳಬೇಕು. ಸಿಗದಿದ್ದರೆ ತಟ್ಟನೆ ಹಿಂದೆ ಸರಿದು ಸಾಲು ಕಟ್ಟಬೇಕು. ಗ್ವಾರ್ಡಿಯೋಲಾ ಬಾರ್ಸಿಲೋನಾದಲ್ಲಿ ಕೋಚ್ ಆಗಿದ್ದಾಗಿನಿಂದ ಪ್ರಸಿದ್ಧವಾದ ಲೆಕ್ಕ ಇದು. ಕೋಚ್ ಬದಿಯಲ್ಲಿ ನಿಂತು ಜೋರಾಗಿ ಎಣಿಸುತ್ತಾರೆ. ಯಾವಾಗ ನುಗ್ಗಬೇಕು ಅನ್ನುವುದಕ್ಕೂ ಗುರುತು ಕೊಟ್ಟಿದ್ದಾರೆ. ಎದುರಾಳಿಯ ಮೊದಲ ಟಚ್ ಕೆಟ್ಟರೆ ನುಗ್ಗು. ಅವನು ತನ್ನ ಗೋಲ್ ಕಡೆ ಮುಖ ಮಾಡಿದ್ದರೆ ನುಗ್ಗು. ಹಿಂದಕ್ಕೆ ಮೆತ್ತಗೆ ಪಾಸ್ ಕೊಟ್ಟರೆ ನುಗ್ಗು. ಗೆರೆಯ ಹತ್ತಿರ ಸಿಕ್ಕಿಬಿದ್ದರಂತೂ ಬಿಡಲೇಬೇಡ, ಅವನಿಗೆ ಒಂದು ಕಡೆ ಗೆರೆ, ಇನ್ನೊಂದು ಕಡೆ ನಾವು.

ಒಬ್ಬರೇ ಸೇರಬೇಡಿ ಅಂದಿದ್ದು ಇದಕ್ಕೇ. ಬಿಡಿಬಿಡಿಯಾಗಿ ಬಂದವರೂ ನಮ್ಮ ಬ್ಯಾಚಿನಲ್ಲಿ ಇದ್ದರು. ಒಬ್ಬ ಹುಡುಗ ಎಲ್ಲವನ್ನೂ ಚೆನ್ನಾಗಿ ಕಲಿತ. ತನ್ನ ತಂಡಕ್ಕೆ ಹೋಗಿ ಗುರುತು ಸಿಕ್ಕ ಕೂಡಲೇ ನುಗ್ಗಿದ. ಹಿಂದೆ ಯಾರೂ ಬರಲಿಲ್ಲ. ಎದುರಾಳಿ ಒಂದೇ ಪಾಸಿನಲ್ಲಿ ಅವನನ್ನು ದಾಟಿ ಹೋದರು. "ಎಲ್ಲಿ ಓಡ್ಯಾಡಾಕತ್ತೀಯೋ, ನಿನ್ನ ಜಾಗದಾಗ ನಿಂದ್ರು" ಅಂತ ಬೈಸಿಕೊಂಡು ಬಂದ. ಹುಡುಗ ಮಾಡಿದ್ದು ಸರಿಯಾಗಿಯೇ ಇತ್ತು, ಏನು ಮಾಡ್ತೀರಿ!

ಒಂಬತ್ತು ಗಂಟೆಗೆ ಮುಗಿದ ಮೇಲೆ ಗೇಟಿನ ಹೊರಗೆ ಚಹಾ. ಇದಕ್ಕೆ ಫೀಸ್ ಇಲ್ಲ, ಆದರೆ ಕ್ಲಾಸಿನ ಅರ್ಧ ಸಾರ ಇಲ್ಲೇ ಇದೆ. ನಮ್ಮಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು ಜಾಸ್ತಿ, ಪಾಪ. ಕೋಚ್ ಕೂಡ ಅದೇ ಪಾರ್ಟಿ. 2024ರ ನವೆಂಬರಿನಲ್ಲಿ ರೂಬೆನ್ ಅಮೊರಿಮ್ ಯುನೈಟೆಡ್‌ಗೆ ಕೋಚ್ ಆಗಿ ಬಂದಾಗ ಇಡೀ ತಂಡವನ್ನು ತಮ್ಮ 3-4-3ಕ್ಕೆ (ಹಿಂದೆ ಮೂವರು, ನಡುವೆ ನಾಲ್ವರು, ಮುಂದೆ ಮೂವರು) ತಿರುಗಿಸಿದರು. ಸೀಸನ್ ನಡುವೆ. ಬೇರೆ ಪದ್ಧತಿಗೆ ಅಂತ ಕೊಂಡಿದ್ದ ಆಟಗಾರರನ್ನೇ ಇಟ್ಟುಕೊಂಡು. ಅಭ್ಯಾಸಕ್ಕೆ ಸಮಯ ಕಮ್ಮಿ, ಮ್ಯಾಚ್ ಮೇಲೆ ಮ್ಯಾಚ್. ಲೀಗಿನಲ್ಲಿ 42 ಪಾಯಿಂಟ್, 15ನೇ ಸ್ಥಾನ. ಯುರೋಪಾ ಲೀಗ್ ಫೈನಲ್ಲಿಗೆ ಹೋದರು, ಅಲ್ಲೂ ಟಾಟನ್‌ಹ್ಯಾಮ್ ಕೈಲಿ 1-0. ನಮ್ಮ ಫೌಂಡ್ರಿ ಲೆಕ್ಕದಲ್ಲಿ ಹೇಳಬೇಕೆಂದರೆ ಪ್ಯಾಟರ್ನ್ (ಎರಕದ ಅಚ್ಚಿನ ಮಾದರಿ) ಚೆನ್ನಾಗಿಯೇ ಇತ್ತು, ಆ ಪ್ಯಾಟರ್ನ್ ಹಿಡಿಯುವ ಮರಳು ಇರಲಿಲ್ಲ.

ಅದೇ ಸೀಸನ್, ಲಿವರ್‌ಪೂಲ್. ಕೋಚ್ ಕ್ಲಾಪ್ ಹೋದರು, ಅರ್ನೆ ಸ್ಲಾಟ್ ಬಂದರು. ಆ ಸೀಸನ್ನಿನಲ್ಲಿ ಆಡಲು ಸಿಕ್ಕ ಹೊಸ ಖರೀದಿ ಕಿಯೇಸಾ ಒಬ್ಬನೇ. ಸ್ಲಾಟ್ ಹಳೇದನ್ನು ಕಿತ್ತು ಹಾಕಲಿಲ್ಲ. ಓಟ ಸ್ವಲ್ಪ ತಗ್ಗಿಸಿ, ಬಾಲ್ ಇಟ್ಟುಕೊಳ್ಳುವುದನ್ನು ಸ್ವಲ್ಪ ಹೆಚ್ಚಿಸಿದರು. ಬೆಂಚಿನಲ್ಲಿ ಜಾಸ್ತಿ ಕೂರುತ್ತಿದ್ದ ಗ್ರಾವೆನ್‌ಬರ್ಖ್‌ನನ್ನು ಡಿಫೆನ್ಸ್ ಮುಂದೆ ನಿಲ್ಲಿಸಿದರು. 84 ಪಾಯಿಂಟಿನೊಂದಿಗೆ ಚಾಂಪಿಯನ್. ನಮ್ಮ ಕೋಚ್ ಚಹಾ ಕುಡಿಯುತ್ತ ಸ್ಲಾಟ್‌ನನ್ನು ಹೊಗಳುತ್ತಾರೆ, ಟರ್ಫ್ ಒಳಗೆ ಬಂದರೆ ಅಮೊರಿಮ್ ಆಗಿಬಿಡುತ್ತಾರೆ! ಕನಿಷ್ಠ ಮೊದಲ ಎರಡು ತಿಂಗಳು ಹಾಗೇ ಇದ್ದರು.

ಅದರ ಬಿಸಿ ತಟ್ಟಿದ್ದು ಒಂದು ಭಾನುವಾರ. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಕೋಚ್ ಗೋಲ್ ಕಿಕ್ (ನಮ್ಮ ಗೋಲ್ ಮುಂದಿನಿಂದ ಆಟ ಮತ್ತೆ ಶುರು ಮಾಡುವ ಒದೆ) ಸಣ್ಣದಾಗಿಯೇ ಕೊಡಬೇಕು ಅಂತ ಹಟ ಹಿಡಿದರು. 2019ರಿಂದ ನಿಯಮ ಬದಲಾಗಿದೆ, ಗೊತ್ತಲ್ವಾ? ಗೋಲ್ ಕಿಕ್ ಈಗ ಪೆನಾಲ್ಟಿ ಬಾಕ್ಸಿನ ಹೊರಗೆ ಹೋಗಬೇಕಿಲ್ಲ, ಒಳಗೇ ನಿಂತ ನಮ್ಮವನು ತೆಗೆದುಕೊಳ್ಳಬಹುದು. ದೊಡ್ಡ ತಂಡಗಳು ಇದನ್ನೇ ಬಳಸಿ ಎದುರಾಳಿಯನ್ನು ಮುಂದಕ್ಕೆ ಎಳೆದು, ಹಿಂದೆ ಖಾಲಿಯಾದ ಜಾಗಕ್ಕೆ ಆಡುತ್ತವೆ. ನಮ್ಮ ಗೋಲಿ ಕೊಟ್ಟ. ಬಾಲ್ ಕೆಸರಲ್ಲಿ ಸತ್ತು ನಿಂತಿತು. ಸೆಂಟರ್ ಬ್ಯಾಕ್ ಅದನ್ನು ತಲುಪುವ ಮೊದಲು ಎದುರಾಳಿ ತಲುಪಿದ. ಗೋಲ್. ಹತ್ತು ನಿಮಿಷ ಬಿಟ್ಟು ಅದೇ ಇನ್ನೊಂದು ಸಲ. ಹಾಫ್ ಟೈಮಿನಲ್ಲಿ ಆಫೀಸಿನ ನಮ್ಮ ಸೆಂಟರ್ ಬ್ಯಾಕ್ ಶಾಂತವಾಗಿ ಹೇಳಿದ: "ಸರ, ಟರ್ಫ್‌ನಾಗ ಇದು ನಡೀತೈತ್ರಿ. ಈ ರಾಡಿಯೊಳಗ ನಡ್ಯಂಗಿಲ್ರಿ." ಕೋಚ್ ಬೂಟಿನ ತುದಿಯಿಂದ ನೆಲ ಒತ್ತಿ ನೋಡಿದರು. ನೀರು ಮೇಲೆ ಬಂತು. ಏನೂ ಮಾತಾಡಲಿಲ್ಲ.

ಮ್ಯಾಂಚೆಸ್ಟರ್ ಸಿಟಿಗೆ ಬಂದ ಗ್ವಾರ್ಡಿಯೋಲಾಗೂ ಮೊದಲ ವರ್ಷ, 2016-17ರಲ್ಲಿ, ಒಂದೂ ಕಪ್ ಸಿಗಲಿಲ್ಲ. ಆಮೇಲೆ ಕ್ಲಬ್ ಗೋಲಿ ಎಡರ್ಸನ್‌ನನ್ನು ತಂದುಕೊಟ್ಟಿತು, ಡಿಫೆಂಡರ್ ವಾಕರ್‌ನನ್ನು ತಂದುಕೊಟ್ಟಿತು, ಮರುವರ್ಷ 100 ಪಾಯಿಂಟ್. ನಮ್ಮ ಕೋಚ್‌ಗೆ ಆ ಭಾಗ್ಯ ಎಲ್ಲಿಂದ? ಇದ್ದ ಗೋಲಿ ಇದೇ, ಹಳದಿಯವನು.

ಮುಂದಿನ ವಾರದಿಂದ ಬೇರೆ ಪಾಠ ಶುರುವಾಯಿತು. ಅದಕ್ಕೇ ನಾನು ಈ ಕ್ಲಾಸಿಗೆ ಇಷ್ಟು ಮಾರ್ಕ್ಸ್ ಕೊಡುತ್ತಿರುವುದು. ಒದ್ದೆ ನೆಲ ಇದ್ದರೆ ಆರಡಿ ಆಳಿಗೇ ಎತ್ತಿ ಹೊಡಿ ಅಂದರು. ಆದರೆ ಸುಮ್ನೆ ಹೊಡೆಯುವುದಲ್ಲ. ಅವನು ತಲೆಯಿಂದ ಬೀಳಿಸುವ ಜಾಗದ ಸುತ್ತ ಮೂವರು ಮೊದಲೇ ನಿಂತಿರಬೇಕು, ಎದುರಾಳಿಗೆ ಸಿಕ್ಕರೆ ಅಲ್ಲೇ ಐದು ಸೆಕೆಂಡ್ ಲೆಕ್ಕ. ಕಾಕಾನ ಆಟಕ್ಕೆ ಇವರ ಪ್ರೆಸ್ಸಿಂಗ್ ಸೇರಿತು. ಉದ್ದ ಥ್ರೋ ಅಭ್ಯಾಸಕ್ಕೂ ಅರ್ಧ ಗಂಟೆ ಸಿಕ್ಕಿತು. ಖಾಲಿದ್ ಜಮೀಲ್ 2025ರ ಆಗಸ್ಟಿನಲ್ಲಿ ಭಾರತ ತಂಡಕ್ಕೆ ಕೋಚ್ ಆಗಿ ಬಂದಾಗ ಕೈಯಲ್ಲಿದ್ದದ್ದು ಕೆಲವೇ ದಿನ. ಹೊಸ ತತ್ವ ಬೋಧಿಸಲು ಹೋಗಲಿಲ್ಲ. ಹಿಂದೆ ಒತ್ತಾಗಿ ನಿಲ್ಲಿ, ಉದ್ದ ಥ್ರೋ, ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್ ಥರದವು) ಬಳಸಿಕೊಳ್ಳಿ ಅಂದರು. ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿ, ಒಮಾನನ್ನು ಪೆನಾಲ್ಟಿಯಲ್ಲಿ ಮಣಿಸಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್ಪಿನಲ್ಲಿ ಮೂರನೇ ಸ್ಥಾನ. ಅದೇ ತಂಡ ಅಕ್ಟೋಬರಿನಲ್ಲಿ ಮಡಗಾಂವ್‌ನಲ್ಲಿ ಸಿಂಗಾಪುರದ ಕೈಲಿ 1-2 ಸೋತು ಏಷ್ಯನ್ ಕಪ್ ದಾರಿ ಮುಚ್ಚಿಕೊಂಡಿತು. ನಮ್ಮ ಕೆಲವು ಹುಡುಗರು ಆ ಮ್ಯಾಚಿಗೆ ಹೋಗಿದ್ದರು, ವಾಪಸ್ ಬರುವಾಗ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲವಂತೆ.

ಎಂಜಿನಿಯರಿಂಗ್ ಹುಡುಗರ ಬೇಡಿಕೆ ಇನ್ನೊಂದು: ಬಾರ್ಸಿಲೋನಾದ ಕೋಚ್ ಫ್ಲಿಕ್ ಥರ ಹೈ ಲೈನ್ (ಎದುರಾಳಿ ಆಫ್‌ಸೈಡ್ ಆಗುವಂತೆ ಡಿಫೆನ್ಸ್ ಸಾಲನ್ನು ಬಹಳ ಮುಂದೆ ನಿಲ್ಲಿಸುವುದು) ಕಲಿಸಿ ಸರ್. 2024ರ ಅಕ್ಟೋಬರಿನಲ್ಲಿ ಬರ್ನಾಬ್ಯೂ ಮೈದಾನದಲ್ಲಿ ಬಾರ್ಸಿಲೋನಾ 4-0 ಗೆದ್ದಾಗ ರಿಯಲ್ ಮ್ಯಾಡ್ರಿಡ್ 12 ಸಲ ಆಫ್‌ಸೈಡ್ ಬಲೆಗೆ ಬಿತ್ತಲ್ಲ, ಅದು. ಕೋಚ್ ನಕ್ಕರು. ಟರ್ಫಿನ ಏಳು ಜನರ ಆಟದಲ್ಲಿ ಆಫ್‌ಸೈಡೇ ಇಲ್ಲ, ಕಲಿಸುವುದು ಎಲ್ಲಿ? ಭಾನುವಾರದ ಮ್ಯಾಚಿನಲ್ಲಿ ಆಫ್‌ಸೈಡ್ ಇದೆ, ಆದರೆ ಲೈನ್ಸ್‌ಮನ್ ನಮ್ಮವರಲ್ಲೇ ಯಾರೋ ಒಬ್ಬರು, ಅವರ ಗಮನ ಅರ್ಧ ಮೊಬೈಲ್ ಮೇಲೆ. ಇದು ಈ ಕ್ಲಾಸಿನ ನಿಜವಾದ ಮಿತಿ. ಹನ್ನೊಂದು ಜನರ ಆಟ ಕಲಿಯಲು ಏಳು ಜನರ ಜಾಗ ಸಾಲದು. ಸಾಲು ಸಾಲಿನ ನಡುವಿನ ಅಂತರ, ರೈಟ್ ಬ್ಯಾಕ್ ಎಷ್ಟು ಮೇಲೆ ಹೋಗಬೇಕು, ಇದೆಲ್ಲ ಟರ್ಫಿನಲ್ಲಿ ಗೊತ್ತಾಗುವುದಿಲ್ಲ. ತಿಂಗಳಿಗೆ ಎರಡು ಸಲವಾದರೂ ದೊಡ್ಡ ಮೈದಾನಕ್ಕೆ ಕರೆದೊಯ್ಯಿರಿ ಅಂತ ಕೇಳಿದ್ದೇವೆ. ಕೋಚ್ ತಯಾರು. ಟರ್ಫಿನ ಮಾಲೀಕರು "ನೋಡೋಣ್ರಿ" ಅನ್ನುತ್ತಾರೆ.

ಮಾಲೀಕರ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಒಂದೇ ಹೊತ್ತಿಗೆ ಇನ್ನರ್ಧ ಟರ್ಫನ್ನು ಬಾಕ್ಸ್ ಕ್ರಿಕೆಟ್‌ಗೆ ಕೊಡುತ್ತಾರೆ. ನಡುವಿನ ಬಲೆಯಲ್ಲಿ ತೂತು. ರೊಂಡೊ ನಡುವೆ ಟೆನಿಸ್ ಬಾಲ್ ಬಂದು ಬೀಳುತ್ತದೆ. ಒಂಬತ್ತಕ್ಕೆ ಒಂದು ನಿಮಿಷ ಮೊದಲೇ ಲೈಟ್ ಆರುತ್ತದೆ, ಶುರುವಾಗುವಾಗ ಮಾತ್ರ ಏಳೂವರೆ ಅಂದರೆ ಏಳು ನಲವತ್ತು. ಕುಡಿಯುವ ನೀರಿನ ಕ್ಯಾನ್ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮಳೆಯಿಂದ ರದ್ದಾದ ಕ್ಲಾಸ್ ಮುಂದಿನ ತಿಂಗಳಿಗೆ ಸೇರಿಸಿಕೊಡುತ್ತೇವೆ ಅಂದಿದ್ದರು, ಸೇರಿಸಲಿಲ್ಲ. ನೆಲವೇನೋ ಪರವಾಗಿಲ್ಲ. ಆದರೆ ಬೂಟಿನೊಳಗೆ ಸೇರುವ ಕಪ್ಪು ರಬ್ಬರ್ ಕಾಳು ಮನೆ ತನಕ ಬರುತ್ತದೆ, ಮನೆಯವರ ಮಾತು ಪ್ರತ್ಯೇಕ. ಉದ್ದ ಸ್ಟಡ್‌ಗೆ ಬಿಡುವುದಿಲ್ಲ, ಸಣ್ಣ ರಬ್ಬರ್ ಗುಬ್ಬಿಗಳ ಟರ್ಫ್ ಶೂ ಬೇಕು.

ಕೋಚ್‌ಗೆ ಐದಕ್ಕೆ ನಾಲ್ಕೂವರೆ. ಟರ್ಫಿಗೆ ಎರಡು. ಸೇರುವವರು ಫೀಸ್ ಕಟ್ಟುವ ಮೊದಲು ಮಳೆಯ ಕ್ಲಾಸಿನ ಮಾತನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ನಲವತ್ತು ದಾಟಿದವರು ಪ್ರೆಸ್ಸಿಂಗ್ ದಿನ ಹೊಟ್ಟೆ ತುಂಬ ತಿಂದು ಹೋಗಬೇಡಿ.

ಬರುವ ತಿಂಗಳು ಹಿಂದೆ ಮೂವರನ್ನು ನಿಲ್ಲಿಸಿ ನೋಡೋಣ ಅಂದಿದ್ದಾರೆ ಕೋಚ್. 2016ರಲ್ಲಿ ಆರ್ಸೆನಲ್ ಕೈಲಿ 3-0 ಸೋತ ಮೇಲೆ ಆಗಿನ ಕೋಚ್ ಕಾಂಟೆ ಚೆಲ್ಸಿಯನ್ನು ಹಾಗೆ ಬದಲಿಸಿ ಲೀಗಿನಲ್ಲಿ ಸತತ 13 ಮ್ಯಾಚ್ ಗೆದ್ದರಂತೆ, ವಿಂಗರ್ ಆಗಿದ್ದ ಮೋಸೆಸ್ ವಿಂಗ್ ಬ್ಯಾಕ್ ಆದನಂತೆ. ಚಹಾ ಅಂಗಡಿ ಮುಂದೆ ಈ ಕಥೆ ಹೇಳುವಾಗ ಕೋಚ್ ನನ್ನನ್ನೇ ನೋಡುತ್ತಿದ್ದರು. ಇಡೀ ಬಲಗಡೆ ಗೆರೆ ಒಬ್ಬನೇ ಓಡಬೇಕಾದ ಜಾಗ ಅದು. ನಾನು ಪಕ್ಕದ ಎಂಜಿನಿಯರಿಂಗ್ ಹುಡುಗನನ್ನು ಮುಂದಕ್ಕೆ ತಳ್ಳಿದ್ದೇನೆ.