ಸಣ್ಣ ಜಿಗ್ ಟ್ರೋಲಿಂಗ್‌ಗೆ ದಾರ ಕೊಳ್ಳುವವರ ಗಮನಕ್ಕೆ: ಚೀಟಿಯನ್ನು ನಂಬುವ ಮೊದಲು ದಾರವನ್ನು ಅಳೆಯಿರಿ

ದೋಣಿಯ ಹಿಂದೆ ಸಣ್ಣ ಜಿಗ್‌ಗಳನ್ನು (ತಲೆಗೆ ಪುಟ್ಟ ಭಾರ ಕೂಡಿಸಿದ ಕೊಕ್ಕೆಗಳನ್ನು) ನಿಧಾನವಾಗಿ ಎಳೆಯುತ್ತ ಮೀನು ಹಿಡಿಯುವವರು ಹೊಸ ದಾರ ಅಥವಾ ಲೀಡರ್ (ಮುಖ್ಯ ದಾರಕ್ಕೂ ಜಿಗ್ಗಿಗೂ ನಡುವೆ ಕಟ್ಟುವ ತುಂಡು ದಾರ) ಕೊಳ್ಳುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಕಳೆದ ಹಂಗಾಮಿಗೆಂದು ನಾನು ಕೊಂಡ ಎರಡು ಸುರುಳಿಗಳಲ್ಲಿ ಮುಖ್ಯ ದಾರದ ದಪ್ಪ ಚೀಟಿಯಲ್ಲಿದ್ದಂತೆ ಇರಲಿಲ್ಲ, ಲೀಡರ್ ಅಂತೂ ಚೀಟಿ ಹೇಳುತ್ತಿದ್ದ ವಸ್ತುವೇ ಆಗಿರಲಿಲ್ಲ. ದೊಡ್ಡ ಮೀನಿಗೆ ಭಾರವಾದ ಗಾಳ ಬಿಡುವವರಿಗೆ ಇಂತಹ ಮೋಸ ಬೇಗ ತಿಳಿಯದೆಯೂ ಹೋಗಬಹುದು, ಆದರೆ ಎರಡು ಗ್ರಾಂ ಕೂಡ ತೂಗದ ಜಿಗ್ ಎಳೆಯುವವರ ಇಡೀ ಲೆಕ್ಕಾಚಾರವನ್ನು ಅದು ಕೆಡಿಸಿಬಿಡುತ್ತದೆ.

ಮುಖ್ಯ ದಾರ ನೈಲಾನ್ ಮೊನೊಫಿಲಮೆಂಟ್, ಅಂದರೆ ಹಲವರು ತಂಗೂಸಿ ಎನ್ನುವ ದಾರ. ಚೀಟಿಯಲ್ಲಿ 0.20 ಮಿ.ಮೀ. ದಪ್ಪವೆಂದೂ, 6 ಕಿಲೋ ಭಾರ ತಡೆಯುತ್ತದೆಂದೂ ಅಚ್ಚಾಗಿತ್ತು. ಆ ದಪ್ಪದ ಒಳ್ಳೆಯ ನೈಲಾನ್ ದಾರ ಸಾಮಾನ್ಯವಾಗಿ 3 ಕಿಲೋ ಆಸುಪಾಸಿನಲ್ಲೇ ಕಡಿಯುತ್ತದೆ. ಹೊಸ ಬಗೆಯ ನೈಲಾನ್ ಆದ್ದರಿಂದ ಬಲ ಹೆಚ್ಚು ಎಂಬುದು ಮಾರಿದವರ ವಿವರಣೆಯಾಗಿತ್ತು. ನೀರಿಗಿಳಿದ ಮೇಲೆ ಕಂಡದ್ದೇ ಬೇರೆ. ಒಂದೇ ದೋಣಿಯಲ್ಲಿ, ಒಂದೇ ತೂಕದ ಜಿಗ್ಗನ್ನು ಅಷ್ಟೇ ಉದ್ದ ಬಿಟ್ಟು ಎಳೆಯುತ್ತಿದ್ದ ಗೆಳೆಯರ ಕೊಕ್ಕೆಗೆ ಆಗಾಗ ತಳದ ಪಾಚಿ ಸಿಕ್ಕಿ ಬರುತ್ತಿತ್ತು, ನನ್ನ ಜಿಗ್ ಪ್ರತಿ ಸಲವೂ ತೊಳೆದಿಟ್ಟಂತೆ ಶುಚಿಯಾಗಿ ಮೇಲೆ ಬರುತ್ತಿತ್ತು. ಮೀನುಗಳಿದ್ದದ್ದು ಪಾಚಿಯ ಅಂಚಿನಲ್ಲಿ. ನನ್ನ ಜಿಗ್ ಅವುಗಳ ತಲೆಯ ಮೇಲೆ ಎಲ್ಲೋ ಹಾದುಹೋಗುತ್ತಿತ್ತು.

ಮೈಕ್ರೊಮೀಟರಿನಲ್ಲಿ ಅಳೆದಾಗ ದಾರದ ದಪ್ಪ 0.28 ಮಿ.ಮೀ. ಇತ್ತು. ವ್ಯತ್ಯಾಸ ಕೂದಲೆಳೆಯಷ್ಟೇ ಅಲ್ಲವೇ ಎನಿಸಬಹುದು. ಆದರೆ ದಾರದ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ, 0.20ರಿಂದ 0.28ಕ್ಕೆ ಏರಿದರೆ ಬಲ ಹತ್ತಿರಹತ್ತಿರ ಎರಡರಷ್ಟಾಗುತ್ತದೆ, ಹಾಗಾಗಿ ಆ 6 ಕಿಲೋ ಹೊಸ ಬಗೆಯ ನೈಲಾನಿನಿಂದ ಬಂದದ್ದಲ್ಲ, ಬರೀ ದಪ್ಪದಿಂದ ಬಂದದ್ದು. ಇನ್ನು ನೀರಿನಲ್ಲಿ ಎಳೆಯುವಾಗ ದಾರಕ್ಕೆ ಎದುರಾಗುವ ತಡೆ ಅದರ ದಪ್ಪಕ್ಕೂ ನೀರಿನೊಳಗಿರುವ ಉದ್ದಕ್ಕೂ ತಕ್ಕಂತೆ ಹೆಚ್ಚುತ್ತದೆ. ಇಲ್ಲಿ ತಡೆ ಸುಮಾರು ಶೇಕಡಾ 40ರಷ್ಟು ಹೆಚ್ಚಾಗಿ, 1.75 ಗ್ರಾಂ ಜಿಗ್ಗನ್ನು ಮೇಲಕ್ಕೆತ್ತಲು ಅಷ್ಟೇ ಸಾಕಾಯಿತು. ವೇಗ ಎರಡರಷ್ಟಾದರೆ ಈ ತಡೆ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಆದ್ದರಿಂದಲೇ ದೋಣಿಯನ್ನು ಸ್ವಲ್ಪ ಜೋರಾಗಿ ಬಿಟ್ಟ ಕೂಡಲೇ ಸಣ್ಣ ಜಿಗ್ ಮೇಲಕ್ಕೇಳುತ್ತದೆ, ಮತ್ತಷ್ಟು ದಾರ ಬಿಟ್ಟರೂ ಒಂದು ಮಿತಿಯಾಚೆ ಆಳ ಸಿಗುವುದಿಲ್ಲ. ಇಷ್ಟನ್ನು ಬಲ್ಲವರು ಕಿಲೋ ಸಂಖ್ಯೆಗಿಂತ ಮೊದಲು ಮಿಲಿಮೀಟರನ್ನೇ ನೋಡುತ್ತಾರೆ.

ಎರಡನೆಯ ಸುರುಳಿಯ ಮೋಸ ಇನ್ನೂ ನಾಜೂಕಾದದ್ದು. ಲೀಡರಿಗೆಂದು ಕೊಂಡ ಅದರ ಮೇಲೆ ಫ್ಲೋರೋಕಾರ್ಬನ್ ಎಂದು ದಪ್ಪಕ್ಷರದಲ್ಲಿತ್ತು, ಲೇಪಿತ ಎಂಬ ಮಾತು ಹಿಂಬದಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗಿತ್ತು. ಒಳಗಿದ್ದದ್ದು ನೈಲಾನ್. ನಿಜವಾದ ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ, ಉಜ್ಜಾಟವನ್ನು ಹೆಚ್ಚು ತಡೆಯುತ್ತದೆ, ಮತ್ತು ಅದರ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಅಳತೆ) ಸುಮಾರು 1.42 ಇರುವುದರಿಂದ 1.33 ಇರುವ ನೀರಿನಲ್ಲಿ ನೈಲಾನಿಗಿಂತ ಕಡಿಮೆ ಎದ್ದು ಕಾಣುತ್ತದೆ. ಮೇಲೊಂದು ತೆಳು ಪದರ ಹಚ್ಚಿದ ನೈಲಾನಿಗೆ ಆ ಗುಣಗಳೆಲ್ಲ ಬರುವುದಿಲ್ಲ, ನೀರಿನಲ್ಲಿ ನೆನೆದ ಮೇಲೆ ಅದು ಸ್ವಲ್ಪ ಬಲವನ್ನೂ ಕಳೆದುಕೊಳ್ಳುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಫ್ಲೋರೋಕಾರ್ಬನ್ನಿನ ಸಾಂದ್ರತೆ ಸುಮಾರು 1.78, ನೈಲಾನಿನದು 1.14. ಎತ್ತರದ ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದು ಹನಿ ಸಾಬೂನಿನ ದ್ರವ ಬೆರೆಸಿ (ಇಲ್ಲವಾದರೆ ಸಣ್ಣ ತುಂಡು ನೀರಿನ ಮೇಲ್ಮೈಗೇ ಅಂಟಿಕೊಳ್ಳುತ್ತದೆ), ಒಂದೇ ದಪ್ಪದ ಎರಡೂ ಬಗೆಯ ಪುಟ್ಟ ತುಂಡುಗಳನ್ನು ಬೆರಳಿನಿಂದ ಒಳಗೆ ಅದ್ದಿ ಬಿಡಿ. ಫ್ಲೋರೋಕಾರ್ಬನ್ ನೇರವಾಗಿ ತಳ ಸೇರುತ್ತದೆ. ನೈಲಾನ್ ಓಲಾಡುತ್ತ ಸಾವಕಾಶವಾಗಿ ಇಳಿಯುತ್ತದೆ. ನನ್ನ ಲೀಡರಿನ ತುಂಡು ನೈಲಾನಿನ ಜೊತೆಗೇ ಇಳಿಯಿತು. ದಾರವನ್ನು ಸುಟ್ಟು ನೋಡಿ ಎಂದು ಸಲಹೆ ಕೊಡುವವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ. ಫ್ಲೋರೋಕಾರ್ಬನ್ ಸುಟ್ಟರೆ ಹೈಡ್ರೋಜನ್ ಫ್ಲೋರೈಡ್ ಎಂಬ ವಿಷಾನಿಲ ಹೊರಬರುತ್ತದೆ.

ಮೀನು ಕಚ್ಚಿದಾಗಲೂ ಈ ಲೀಡರ್ ಕೈಕೊಟ್ಟಿತು. ಗಂಟು ಜಾರಿ ಬಿಚ್ಚಿಕೊಂಡಿದ್ದರೆ ತುದಿ ಸ್ಪ್ರಿಂಗಿನಂತೆ ಸುರುಳಿಯಾಗಿ ಬರುತ್ತದೆ, ಕಲ್ಲಿಗೆ ಉಜ್ಜಿ ಕಡಿದಿದ್ದರೆ ತುದಿಯ ಹಿಂದಿನ ಕೆಲವು ಸೆಂಟಿಮೀಟರ್ ಉಗುರಿಗೆ ಒರಟಾಗಿ ತಗಲುತ್ತದೆ. ನನಗೆ ಮರಳಿದ ತುದಿಗಳು ಎರಡನೆಯ ಬಗೆಯವು, ಉಜ್ಜಾಟ ತಡೆಯಲೆಂದೇ ಕೊಂಡ ಲೀಡರಿನಲ್ಲಿ! ದಾರ ತುಂಡಾದಾಗಲೆಲ್ಲ ತುದಿಯನ್ನು ಕತ್ತರಿಸಿ ಎಸೆಯುವ ಮೊದಲು ಒಮ್ಮೆ ಬೆರಳಾಡಿಸಿ ನೋಡುವುದು ಒಳ್ಳೆಯದು.

ಇದರ ಜೊತೆಗೆ ಅದೇ ಅಂಗಡಿಯವರು ಕೊಟ್ಟ ಇನ್ನೊಂದು ಸಲಹೆಯನ್ನೂ ಹೇಳಬೇಕು. ಜಿಗ್ಗಿನ ಕಣ್ಣಿಗೇ ಸ್ನ್ಯಾಪ್ ಸ್ವಿವೆಲ್ (ತಾನೇ ತಿರುಗುವ ಲೋಹದ ಕೊಂಡಿ) ಹಾಕಿದರೆ ದಾರಕ್ಕೆ ಹುರಿ ಬೀಳುವುದಿಲ್ಲ ಎಂದಿದ್ದರು. ಎಳೆಯುವಾಗ ಗಿರಕಿ ಹೊಡೆಯುವ ಜಿಗ್ ದಾರಕ್ಕೆ ಹುರಿ ಹಾಕುವುದು ನಿಜ, ಆದರೆ ಇಷ್ಟು ಹಗುರ ಜಿಗ್ಗಿನ ಮೂತಿಗೆ ಲೋಹದ ಭಾರ ಕಟ್ಟಿದರೆ ಅದರ ತೂಗಾಟವೇ ಸತ್ತುಹೋಗುತ್ತದೆ. ಬಾಲ್ ಬೇರಿಂಗ್ ಇರುವ ಅತಿ ಸಣ್ಣ ಸ್ವಿವೆಲ್ಲನ್ನು ಮುಖ್ಯ ದಾರಕ್ಕೂ ಲೀಡರಿಗೂ ನಡುವೆ ಹಾಕಿ, ಜಿಗ್ಗನ್ನು ಲೀಡರಿಗೆ ನೇರವಾಗಿ ಗಂಟು ಹಾಕುವುದೇ ಸರಿ. ಸ್ವಿವೆಲ್ ರಾಡಿನ ತುದಿಯ ಬಳೆಯೊಳಗೆ ತೂರುವುದಿಲ್ಲವಾದ್ದರಿಂದ ಲೀಡರ್ ರಾಡಿಗಿಂತ ಉದ್ದವಿರಬಾರದು. ಒಂದು ಮೀಟರಿನ ಒಳಗಿದ್ದರೆ ಮೀನನ್ನು ಬಲೆಗೆ ತರುವುದು ಸುಲಭ. ಈಗಾಗಲೇ ಹುರಿ ಬಿದ್ದಿದ್ದರೆ ಜಿಗ್, ಸ್ವಿವೆಲ್ ಎರಡನ್ನೂ ಬಿಚ್ಚಿ, ಬರೀ ದಾರವನ್ನು ಚಲಿಸುವ ದೋಣಿಯ ಹಿಂದೆ ಉದ್ದಕ್ಕೆ ಬಿಟ್ಟರೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ತೆಳುವಾಗಿಯೂ ಗಟ್ಟಿಯಾಗಿಯೂ ಇರುವುದೇ ಬೇಕೆಂದರೆ ಬ್ರೇಡ್, ಅಂದರೆ ಹಲವು ಸಣ್ಣ ಎಳೆಗಳನ್ನು ಹೆಣೆದ ದಾರ, ಇದೆ. ಅದು ನೀರಿಗಿಂತ ಹಗುರವಾಗಿದ್ದರೂ ತೆಳುವಾದ್ದರಿಂದ ಅಷ್ಟೇ ಬಲದ ನೈಲಾನಿಗಿಂತ ಜಿಗ್ಗನ್ನು ಆಳಕ್ಕೆ ಬಿಡುತ್ತದೆ. ಆದರೆ ಬ್ರೇಡ್ ಹಿಗ್ಗುವುದು ತೀರಾ ಕಡಿಮೆ, ಮೆತ್ತನೆಯ ಬಾಯಿಯ ಮೀನಾದರೆ ಕೊಕ್ಕೆ ಹರಿದುಕೊಂಡು ಬರುತ್ತದೆ, ಆದ್ದರಿಂದ ಬಾಗುವ ರಾಡೂ ಸಡಿಲ ಡ್ರ್ಯಾಗೂ (ದಾರ ಬಿಡುವುದನ್ನು ತಡೆಯುವ ರೀಲಿನ ಬ್ರೇಕು) ಬೇಕು. ಸಿಕ್ಕಿಕೊಂಡ ಜಿಗ್ ಬಿಡಿಸಲು ಬ್ರೇಡನ್ನು ಬರಿಗೈಗೆ ಸುತ್ತಿ ಎಳೆದರೆ ಬೆರಳು ಕೊಯ್ಯುತ್ತದೆ.

ಬಿಚ್ಚಿದ ಸುರುಳಿಯನ್ನು ವಾಪಸ್ ಪಡೆಯುವುದಿಲ್ಲವೆಂದು ಅಂಗಡಿಯವರು ಹೇಳಿದರು, ಅಳತೆಯ ಚಿತ್ರ ತೋರಿಸಿದರೂ ಮಾತು ಬದಲಾಗಲಿಲ್ಲ. ಬಿಚ್ಚದೆ ಅಳೆಯುವುದಾದರೂ ಹೇಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಹೊಸ ಹೆಸರಿನ ದಾರವಾದರೆ ಮೊದಲು ಸಿಗುವ ಅತಿ ಚಿಕ್ಕ ಸುರುಳಿಯನ್ನಷ್ಟೇ ಕೊಳ್ಳಿ. ಲೀಡರಿನ ಚೀಟಿಯಲ್ಲಿ ಶೇಕಡಾ 100 ಫ್ಲೋರೋಕಾರ್ಬನ್ ಎಂಬ ಮಾತಿದೆಯೇ ಎಂದು ಹಿಂಬದಿಯನ್ನೂ ಓದಿ. ಮೂರು ನಾಲ್ಕು ಕಡೆ ದಪ್ಪ ಅಳೆದು, ಒದ್ದೆ ಮಾಡಿ ಬಿಗಿದ ಗಂಟನ್ನು ತಕ್ಕಡಿಗೆ ಕಟ್ಟಿ ಎಳೆದು ನೋಡಿದ ಮೇಲೆಯೇ ರೀಲಿಗೆ ತುಂಬಿ.