ಬಿಸಿಯಾದರೆ ನಿಲ್ಲುವ ಆರ್‌ಎಕ್ಸ್ 100: ಶಿರಾ ಗೇಟ್ ಬಳಿಯ ಒಂದು ಗ್ಯಾರೇಜ್

ತುಮಕೂರಿನ ಶಿರಾ ಗೇಟ್ ಬಳಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಫಲಕವೂ ಇಲ್ಲದ ಒಂದು ಸಣ್ಣ ಗ್ಯಾರೇಜಿನಲ್ಲಿ ನನ್ನ ಹಳೆಯ ಯಮಾಹಾ ಆರ್‌ಎಕ್ಸ್ 100ರ ಬಹುಕಾಲದ ತೊಂದರೆ ನಿವಾರಣೆಯಾಯಿತು. 1996ರಲ್ಲೇ ತಯಾರಿಕೆ ನಿಂತ ಈ ಬೈಕನ್ನು ಇನ್ನೂ ಓಡಿಸುತ್ತಿರುವವರಿಗೆ ನೆರವಾಗಲೆಂದು ಅಲ್ಲಿಯ ಕೆಲಸದ ಕ್ರಮವನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತಿದ್ದ ಗಾಡಿ, ಕ್ಯಾತ್ಸಂದ್ರ ದಾಟಿ ಎಂಜಿನ್ ಚೆನ್ನಾಗಿ ಕಾದ ಮೇಲೆ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಹೊರಡುತ್ತಿತ್ತು. ಮೊದಲು ತೋರಿಸಿದ ಕಡೆ ಪ್ಲಗ್ ಬದಲಾಯಿಸಿದರು, ಕಾರ್ಬ್ಯುರೇಟರ್ ತೊಳೆದರು, ಕೊನೆಗೆ ಹೊಸ ಬ್ಯಾಟರಿಯನ್ನೂ ಹಾಕಿದರು. ಈ ಬೈಕಿನಲ್ಲಿ ಪ್ಲಗ್ಗಿನ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಎಂಬ ಘಟಕಕ್ಕೆ ವಿದ್ಯುತ್ ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್‌ನೊಳಗಿನ ಪ್ರತ್ಯೇಕ ಕಾಯಿಲ್‌ನಿಂದ. ಹಾಗಾಗಿ ಆ ಕೊನೆಯ ಖರ್ಚಿನಿಂದ ಯಾವ ಪ್ರಯೋಜನವೂ ಆಗುವಂತಿರಲಿಲ್ಲ.

ಶಿರಾ ಗೇಟ್‌ನ ಮೆಕ್ಯಾನಿಕ್, ಗಾಡಿ ಸರಿಯಾಗಿ ಓಡುತ್ತಿರುವಾಗ ಏನನ್ನೂ ಬಿಚ್ಚುವುದಿಲ್ಲ ಎಂದು ಮೊದಲೇ ಹೇಳಿ, ನನ್ನನ್ನು ಹಿಂದೆ ಕೂರಿಸಿಕೊಂಡು ದೇವರಾಯನದುರ್ಗದ ಕಡೆ ಹೊರಟರು. ಏರಿನಲ್ಲಿ ಎಂಜಿನ್ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆದು ಕಿವಿಗೊಟ್ಟರು. ಮುಚ್ಚಳದ ಗಾಳಿರಂಧ್ರ ಕಟ್ಟಿಕೊಂಡಿದ್ದರೆ ಪೆಟ್ರೋಲ್ ಕೆಳಗಿಳಿಯುವುದಿಲ್ಲ, ತೆರೆದಾಗ ಗಾಳಿ ಒಳನುಗ್ಗುವ ಸದ್ದು ಕೇಳಿಸುತ್ತದೆ. ಸದ್ದು ಬರಲಿಲ್ಲ. ಪೈಪು ಕಳಚಿ ಬಾಟಲಿಗೆ ಹಿಡಿದಾಗ ಪೆಟ್ರೋಲ್ ಸರಾಗವಾಗಿಯೇ ಬಂತು. ಪೈಪನ್ನು ಮತ್ತೆ ಜೋಡಿಸಿ, ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ ಸಿಲಿಂಡರ್ ಹೆಡ್ಡಿಗೆ ತಾಗಿಸಿಟ್ಟು ಕಿಕ್ ಹೊಡೆದರು. ಅಂಗೈಯಿಂದ ಬಿಸಿಲು ಮರೆಮಾಡಿಕೊಂಡು ನೋಡಿದರೂ ಕಿಡಿ ಕಾಣಲಿಲ್ಲ. ಎಂಜಿನ್ ಆಫ್ ಮಾಡಲು ಕೀ ಸ್ವಿಚ್ಚಿಗೆ ಹೋಗುವ ತಂತಿಯನ್ನು ಬೇರ್ಪಡಿಸಿದಾಗಲೂ ಕಿಡಿ ಬರದಿದ್ದುದರಿಂದ ಸ್ವಿಚ್ಚಿನ ಮೇಲಿನ ಅನುಮಾನವೂ ತೀರಿತು. ಗಾಡಿ ತಣ್ಣಗಾಗುವ ಮುನ್ನ ರಸ್ತೆ ಬದಿಯಲ್ಲೇ ನಡೆದ ಈ ಪರೀಕ್ಷೆಯನ್ನು ಹಿಂದೆ ಯಾರೂ ಮಾಡಿರಲಿಲ್ಲ. ತಣ್ಣಗಾದ ಮೇಲೆ ಮಾಡಿದ್ದರೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತಿತ್ತು.

ಗ್ಯಾರೇಜಿಗೆ ಮರಳಿದ ಮೇಲೆ ಮ್ಯಾಗ್ನೆಟ್ ಕಾಯಿಲ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ತಣ್ಣಗಿರುವಾಗ ಓಮ್ಸ್, ಅಂದರೆ ತಂತಿಯ ವಿದ್ಯುತ್ ಪ್ರತಿರೋಧ, ಸ್ಥಿರವಾಗಿತ್ತು. ಬಿಸಿಗಾಳಿ ತಾಗಿಸಿದಂತೆ ಅಂಕಿ ಮೇಲೇರಿ, ಸಂಪರ್ಕವೇ ಕಡಿದುಹೋಯಿತು. ಕಾಯಿಲ್‌ನ ಕೂದಲೆಳೆಯಂಥ ತಾಮ್ರದ ತಂತಿ ಒಳಗೆಲ್ಲೋ ಬಿರುಕುಬಿಟ್ಟು, ಕಾದಾಗ ಬಿಟ್ಟುಕೊಂಡು ಆರಿದಾಗ ಕೂಡಿಕೊಳ್ಳುತ್ತಿತ್ತು. ಆ ಮೀಟರನ್ನು ನನ್ನ ಕಣ್ಣೆದುರೇ ಹಿಡಿದು ತೋರಿಸಿದ ಮೇಲೆಯೇ ಅವರು ದುಡ್ಡಿನ ಮಾತೆತ್ತಿದ್ದು ನನಗೆ ಬಹಳ ಹಿಡಿಸಿತು.

ಕೊರತೆಗಳೂ ಇವೆ. ಕಾಯಿಲ್ ರಿವೈಂಡಿಂಗ್ (ಹಾಳಾದ ತಂತಿ ತೆಗೆದು ಹೊಸದನ್ನು ಸುತ್ತುವ ಕೆಲಸ) ಹೊರಗೆ ಮಾಡಿಸುವುದರಿಂದ ಗಾಡಿ ಕೆಲವು ದಿನ ಅಲ್ಲೇ ನಿಲ್ಲಬೇಕಾಗುತ್ತದೆ. ಬಿಲ್ಲನ್ನು ಕೇಳಿದರೆ ಮಾತ್ರ ಚೀಟಿಯಲ್ಲಿ ಬರೆದುಕೊಡುತ್ತಾರೆ, ಇದು ಬದಲಾಗಬೇಕು. ಹೊಸ ಫ್ಯುಯೆಲ್ ಇಂಜೆಕ್ಷನ್ ಬೈಕುಗಳಿಗೆ ಬೇಕಾದ ಸ್ಕ್ಯಾನರ್ ಅವರಲ್ಲಿಲ್ಲ. ಕೂಲಿ ನ್ಯಾಯವಾಗಿದೆ. ಹೋಗುವವರು ಗಾಡಿ ಎಷ್ಟು ದೂರ ಓಡಿದ ಮೇಲೆ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಸ್ಟಾರ್ಟ್ ಆಗುತ್ತದೆ ಎಂಬುದನ್ನು ಗಮನಿಸಿಟ್ಟುಕೊಂಡು, ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಮಧ್ಯಾಹ್ನದ ನಂತರ ಬಂದ ಗಾಡಿಯನ್ನು ಅವರು ರಸ್ತೆಯ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ.