ಎಂಜಿನ್‌ಎಕ್ಸ್ ಹಾಕಲು ಆಪ್ಟ್ ಸಾಕೋ, ಸೋರ್ಸ್ ಬೇಕೋ?

ಡೆಬಿಯನ್ ಲಿನಕ್ಸ್‌ನಲ್ಲಿ ಮೊದಲ ಸಲ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಹಾಕುತ್ತಿದ್ದೀರಾ? ಹಾಗಾದರೆ ಸಾಫ್ಟ್‌ವೇರ್ ಹಾಕಲು ಡೆಬಿಯನ್‌ನಲ್ಲೇ ಇರುವ ಆಪ್ಟ್ ಹಿಡಿಯಿರಿ ಅಂತಲೇ ನಾನು ಹೇಳುತ್ತೇನೆ. ಒಂದು ಸಾಲಿನ ಕಮಾಂಡ್ ಕೊಟ್ಟರೆ ಎಂಜಿನ್‌ಎಕ್ಸ್ ಜೊತೆಗೆ ಬೇಕಾದ ಲೈಬ್ರರಿಗಳೂ ಬರುತ್ತವೆ. ಸರ್ವರ್ ತಾನಾಗಿಯೇ ಶುರುವಾಗುತ್ತದೆ. ಮೆಷಿನ್ ರೀಬೂಟ್ ಆದರೂ ಮತ್ತೆ ಏಳುತ್ತದೆ.

ಸೋರ್ಸ್ ದಾರಿಯಲ್ಲಿ, ಅಂದರೆ ಮೂಲ ಕೋಡ್ ತಂದು ನೀವೇ ಕಂಪೈಲ್ ಮಾಡಿ ಓಡುವ ಪ್ರೋಗ್ರಾಂ ಮಾಡಿಕೊಳ್ಳುವುದಾದರೆ, ಹೆಜ್ಜೆ ಮೂರೇ: ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಕೇಳಲು ಸುಲಭ, ಅಲ್ವಾ? ಆದರೆ ಸಿ ಕಂಪೈಲರ್, ಪಿಸಿಆರ್‌ಇ, ಜೆಡ್‌ಲಿಬ್ ಎಂಬ ಲೈಬ್ರರಿಗಳು ಮೊದಲೇ ಇರಬೇಕು. ಇಲ್ಲದಿದ್ದರೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಎಸ್‌ಎಸ್‌ಎಲ್ ಮಾಡ್ಯೂಲ್ ಬೇಕು ಅಂತ ಕಾನ್ಫಿಗರ್ ಮಾಡುವಾಗಲೇ ಹೇಳಬೇಕು. ಮರೆತರೆ ಎಚ್‌ಟಿಟಿಪಿಎಸ್ ಇಲ್ಲ, ಮತ್ತೆ ಕಂಪೈಲ್ ಮಾಡಬೇಕು. ರೀಬೂಟ್ ಆದಾಗ ತಾನೇ ಏಳಬೇಕಾದರೆ ಸರ್ವರ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಗೆ ಬೇಕಾದ ಫೈಲನ್ನೂ ನೀವೇ ಬರೆಯಬೇಕು.

ಆಪ್ಟ್‌ನಲ್ಲಿ ಆವೃತ್ತಿ ಸ್ವಲ್ಪ ಹಳೆಯದು, ನಿಜ. 2023ರಲ್ಲಿ ಬಂದ ಡೆಬಿಯನ್ 12ರಲ್ಲಿ ಇರುವುದು 1.22. ಹಾಗಂತ ಹೆದರಬೇಡಿ. ಭದ್ರತೆಯ ತಿದ್ದುಪಡಿಗಳನ್ನು ಡೆಬಿಯನ್‌ನವರು ಅದೇ ಆವೃತ್ತಿಗೆ ಸೇರಿಸಿ ಕೊಡುತ್ತಾರೆ. ನೀವು ಅಪ್‌ಗ್ರೇಡ್ ಮಾಡಿದರೆ ಸಾಕು. ಸೋರ್ಸ್‌ನಿಂದ ಹಾಕಿದರೆ ಭದ್ರತೆಯ ತಿದ್ದುಪಡಿ ಬಂತಾ ಅಂತ ಕಣ್ಣಿಡುವುದು, ಪ್ರತಿ ಸಲ ಕಂಪೈಲ್ ಮಾಡುವುದು ನಿಮ್ಮ ಕೆಲಸ. ನನಗೆ ಇದೇ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ.

ಆಪ್ಟ್‌ನಲ್ಲಿಲ್ಲದ ಮಾಡ್ಯೂಲ್ ಬೇಕಾದರೆ, ಅಥವಾ ಒಳಗಿನ ಕೆಲಸ ಕಲಿಯುವ ಆಸೆ ಇದ್ದರೆ ಸೋರ್ಸ್ ಒಳ್ಳೆಯದು. ಅದನ್ನು ಬೇರೆ ವರ್ಚುವಲ್ ಮೆಷಿನ್‌ನಲ್ಲಿ ಮಾಡಿ. ಒಂದೇ ಮೆಷಿನ್‌ನಲ್ಲಿ ಎರಡನ್ನೂ ಹಾಕಿದರೆ ವೆಬ್ ಕೋರಿಕೆಗಳು ಬರುವ 80ನೇ ಪೋರ್ಟನ್ನು ಎರಡೂ ಕೇಳುತ್ತವೆ, ಎರಡನೆಯದು ಶುರುವಾಗುವುದೇ ಇಲ್ಲ.